ಎಂಟು ತೋಟಾ, ಏಳು ತೂತು

"ನೀರು ಕಾಸಾಕ ಇಡ್ರಿ! ಹಳೇ ಸೀರಿ ತರ್ರಿ! ಗಂಡಸರು ಯಾರಿದ್ರೂ ಹೊರಗ ನಡೀರಿ!" ಎನ್ನುತ್ತಾ ಸೂಲಗಿತ್ತಿ ಈರವ್ವ ನನ್ನ ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಬೆಳಗಿನ ಹತ್ತೂವರೆ. ಒಳಗಿದ್ದವಳು ನಾನೊಬ್ಬಳೇ. ನನ್ನ ಮುಂದೆ ಬಿಚ್ಚಿ ಹರಡಿದ ಎರಡು ಹೊಲಿಗೆ ಯಂತ್ರಗಳಿದ್ದವು, ಚಹದಂಗಡಿಯಿಂದ ರಿಪೇರಿಗೆ ಬಂದ ತಾಮ್ರದ ಬಾಯ್ಲರ್ ಇತ್ತು. ಈರವ್ವ ನೆಟ್ಟಗೆ ಬಂದವಳೇ ಬಾಯ್ಲರಿನ ಮೇಲೆ ಕೈಯಿಟ್ಟು ಸವರಿ, "ಅಯ್ಯ ಶಿವನ, ಹೊಟ್ಟಿ ಯಾಕ ಇಷ್ಟು ತಣ್ಣಗಾಗೇತಿ!" ಎಂದು ಗಾಬರಿಯಾದಳು.

"ಈರವ್ವಾ, ನಾ ಅಂಬವ್ವ. ಇದು ನನ್ನ ಅಂಗಡಿ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಹಂಗಾರ ಗಾಣದ ಓಣಿ ಎಲ್ಲಿ ಹೋತು?"

"ಅದು ಇದ್ದಲ್ಲೇ ಐತಿ. ನೀವು ಈ ಕಡೆ ಬಂದೀರಿ."

"ಬಾವಿ ಸುತ್ತ ಮೂರು ಸಲ ತಿರುಗೇನಿ ಕಾಣಸ್ತೈತಿ. ಗೌರಿಗೆ ಬೆಳಿಗ್ಗಿಂದ ಹೆರಿಗಿ ಬ್ಯಾನಿ ಸುರು ಆಗ್ಯಾವ. ಚೊಚ್ಚಲ ಬಸುರಿ. ಪಿಸ್ತೂಲು ಯಾಕ ಸುಮ್ಮನೈತಿ? ದಸ್ತಗೀರಣ್ಣ ಏನು ಮಾಡಾಕತ್ತಾನ?"

ನಮ್ಮೂರಲ್ಲಿ ಮೋಡ ಕೂರುತ್ತದೆ. ದನ ಬಂದು ದಾರಿಗೆ ಅಡ್ಡ ಮಲಗುವ ಹಾಗೆ ಬಂದು ಬೀದಿಗಳಲ್ಲಿ ಕೂತುಬಿಡುತ್ತದೆ. ದಿನಕ್ಕೆ ಎರಡು ಸಲ, ಒಮ್ಮೊಮ್ಮೆ ಐದು ಸಲ. ಅದು ಕೂತಾಗ ನೀಡಿದ ಕೈಯ ಬೆರಳು ನಮಗೇ ಕಾಣುವುದಿಲ್ಲ. ಡೊಳ್ಳು ಬಾರಿಸಿದರೆ ಏಳುವುದಿಲ್ಲ, ಪಟಾಕಿ ಹಚ್ಚಿದರೆ ಏಳುವುದಿಲ್ಲ. ನೀರಿನ ಟಾಕಿಯ ನೆತ್ತಿಯಿಂದ ಪಂಚಾಯತಿಯ ಪಿಸ್ತೂಲು ಒಮ್ಮೆ ಢಂ ಎಂದರೆ ಮಾತ್ರ ಎದ್ದು ಹೋಗುತ್ತದೆ. ಅದರಲ್ಲಿ ಹಾಕುವುದು ಗುಂಡಿಲ್ಲದ, ಬರೀ ಸದ್ದಿನ ತೋಟಾ. ಹೀಗಾಗಿ ಪ್ರತಿ ಓಣಿಯಲ್ಲೂ ಗೋಡೆಗುಂಟ ಹಗ್ಗ ಕಟ್ಟಿದ್ದೇವೆ. ಮೋಡದಲ್ಲಿ ನಡೆಯುವವರು ತಮ್ಮ ಹೆಸರನ್ನು ತಾವೇ ಕೂಗುತ್ತಾ ನಡೆಯಬೇಕು. ಇಬ್ಬರು ಡಿಕ್ಕಿ ಹೊಡೆದರೆ ಕೂಡಿ ಚಹ ಕುಡಿಯದೆ ಹೋಗುವಂತಿಲ್ಲ. ಊರಿನ ಅರ್ಧ ಮದುವೆಗಳೂ ಮುಕ್ಕಾಲು ಪಾಲು ರಾಜಿಗಳೂ ಹೀಗೇ ಆದಂಥವು.

ಟಾಕಿಗೆ ಐವತ್ತನಾಲ್ಕು ಮೆಟ್ಟಿಲು. ಅದರ ಮೇಲೆ ಕರೀ ಛತ್ರಿಯ ಕೆಳಗೆ ಕೂತು ಮೂವತ್ತೊಂದು ವರ್ಷದಿಂದ ಪಿಸ್ತೂಲು ಹೊಡೆಯುತ್ತಿದ್ದವರು ದಸ್ತಗೀರ ಕಾಕಾ, ನನ್ನ ಅಪ್ಪನ ಗೆಳೆಯರು. ಮೋಡ ಕೂತು ನಾಲ್ಕೆಣಿಸುವುದರೊಳಗೆ ಢಂ ಎನ್ನುತ್ತಿತ್ತು. ಆದರೆ ಆ ಮಂಗಳವಾರ ನಾನು ನಾನೂರು ಎಣಿಸಿದರೂ ಸದ್ದಿಲ್ಲ.

"ನಡೀರಿ, ನಾ ಕರಕೊಂಡು ಹೋಗ್ತೀನಿ," ಎಂದು ಈರವ್ವನ ಕೈ ಹಿಡಿದೆ. "ಅಂಬವ್ವ ಬಂದೆ, ಈರವ್ವ ಬಂದೆ" ಎಂದು ಕೂಗುತ್ತಾ, ಹಗ್ಗದ ಗಂಟುಗಳನ್ನು ಮುಟ್ಟಿಮುಟ್ಟಿ ನೋಡುತ್ತಾ ಹೊರಟೆವು. ದಾರಿಯಲ್ಲಿ ಮೂವರಿಗೆ ಡಿಕ್ಕಿ ಹೊಡೆದೆವು. ಮೂವರಿಗೂ ಚಹ ಬಾಕಿ ಎಂದು ಹೇಳಿ ಮುಂದೆ ನಡೆದೆವು. ಗಾಣದ ಓಣಿ ಮುಟ್ಟುವಷ್ಟರಲ್ಲಿ ಒಂದು ತಾಸೇ ಹೋಗಿತ್ತು. ಗೌರಿಯ ಗಂಡ ಫಕೀರಪ್ಪ ದರ್ಜಿ. ಮೈಗೆ ಮೈ ತಾಗುವಷ್ಟು ಹತ್ತಿರ ಹೋದಾಗ ಕಂಡಿತು: ಮಗು ಆಗಲೇ ಹುಟ್ಟಿ ಅವನ ಕೈಯಲ್ಲಿತ್ತು, ಅರ್ಧ ಹೊಲಿದ ಯಾರದೋ ಅಂಗಿಯಲ್ಲಿ ಸುತ್ತಿಕೊಂಡು. ಅವನ ಕೊರಳಲ್ಲಿ ಅಳತೆ ಪಟ್ಟಿ ಜೋತಾಡುತ್ತಿತ್ತು, ಬಲಗೈಯಲ್ಲಿ ಕತ್ತರಿ ಇತ್ತು. ನಮ್ಮ ಧ್ವನಿ ಕೇಳಿದ್ದೇ, "ಹೊಕ್ಕಳಬಳ್ಳಿ ಎಷ್ಟು ಇಂಚು ಬಿಟ್ಟು ಕತ್ತರಸ್ಬೇಕವ್ವಾ?" ಎಂದು ಕೇಳಿದ. ಈರವ್ವ ಕತ್ತರಿ ಕಿತ್ತುಕೊಂಡಳು. ಅವನು ಅಲ್ಲೇ ಗೋಡೆಗೊರಗಿ ಮೆಲ್ಲಗೆ ಜಾರಿ ಕೂತು ಎಚ್ಚರ ತಪ್ಪಿದ.

ಇದನ್ನು ಈಗ ನಗುತ್ತಾ ಹೇಳುತ್ತೇನೆ. ಆಗ ನಗು ಬರಲಿಲ್ಲ. ಗೌರಿಗೆ ರಕ್ತ ನಿಲ್ಲುತ್ತಿರಲಿಲ್ಲ. ಈರವ್ವ ಮೊಣಕಾಲೂರಿ ಕೂತು ಕೆಲಸ ಮಾಡಿದಳು, ಅವಳು ಕೇಳಿದ್ದನ್ನು ನಾನು ತಂದುಕೊಟ್ಟೆ. ಹನ್ನೆರಡಾದ ಮೇಲೆ ಕಡೆಗೂ ಟಾಕಿಯ ಮೇಲಿಂದ ಢಂ ಎಂದಿತು. ಕೋಣೆ ಬೆಳಗಾಯಿತು, ಗೌರಿಯ ಮುಖ ಕಂಡಿತು, ಬಿಳಚಿಕೊಂಡಿತ್ತು, ಆದರೆ ಕಣ್ಣು ತೆರೆದಿತ್ತು. ಕೈ ತೊಳೆಯುವಾಗ ಈರವ್ವ ನನ್ನ ಕಿವಿಯಲ್ಲಿ, "ಇನ್ನರ್ಧ ತಾಸು ಆಗಿದ್ರ ಈ ಹುಡುಗಿ ಉಳೀತಿರಲಿಲ್ಲ," ಎಂದಳು.

ಸಂಜೆ ನಾಲ್ಕಕ್ಕೆ ಚಾವಡಿಯಲ್ಲಿ ಸಭೆ ಸೇರಿತು. ದಸ್ತಗೀರ ಕಾಕಾ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಏನಾಯಿತೆಂದು ಅಧ್ಯಕ್ಷೆ ಕಾಶೀಬಾಯಿ ಕೇಳಿದರು.

"ಎರಡು ತೋಟಾ ಅದಾವ ಅಂತ ತಿಳಿದಿದ್ದೆ. ಖಾಲಿ ಇತ್ತು. ಟಕ್ ಅಂತು ಅಷ್ಟ. ಇಳಿದು, ಹಗ್ಗ ಹಿಡಕೊಂಡು ಚಾವಡಿಗೆ ಬಂದೆ. ಚಾವಡಿ ಕೀಲಿ ಹಾಕಿತ್ತು. ನಿಮ್ಮನ್ನ ಹುಡುಕಾಕ ಹೋದೆ, ನೀವು ನನ್ನ ಹುಡುಕಾಕ ಹೋಗಿದ್ರಿ. ತಪ್ಪು ನಂದ."

ಪಿಸ್ತೂಲಿನ ಹಿಡಿಯೊಳಗೆ ಸರಿಯುವ ತಗಡಿನ ಡಬ್ಬಿ ಇದೆಯಲ್ಲ, ಮ್ಯಾಗಜೀನು, ಅದರಲ್ಲಿ ಎಂಟು ತೋಟಾ ಹಿಡಿಯುತ್ತವೆ. ಊರಿಗೆ ಅಂಥವು ಮೂರೇ ಇದ್ದವು. ಹಿಂದೊಮ್ಮೆ ಯಾರೋ ತಮ್ಮ ಮಗನ ಮದುವೆಗೆಂದು ಇಪ್ಪತ್ತನಾಲ್ಕನ್ನೂ ಹೊಡೆಸಿದ್ದರಿಂದ ಊರು ಹದಿನೇಳು ದಿನ ಮೋಡದಲ್ಲಿ ಕೂತಿತ್ತು. ಆಮೇಲಿಂದ ಟಾಕಿಯ ಮೇಲೆ ಒಂದೇ ಮ್ಯಾಗಜೀನು, ಉಳಿದೆರಡು ಚಾವಡಿಯ ಕಪಾಟಿನಲ್ಲಿ, ಬೀಗದ ಕೈ ಕಾಶೀಬಾಯಿಯ ಸೊಂಟದಲ್ಲಿ. ಒಂದು ತೋಟಾ ಉಳಿದಿರುವಾಗಲೇ ಕಾಕಾ ಕೆಳಗಿಳಿದು ತುಂಬಿದ್ದನ್ನು ಒಯ್ಯಬೇಕು. ಎಷ್ಟು ಉಳಿದಿವೆ ಎಂಬುದು ಅವರ ತಲೆಯಲ್ಲಿ ಮಾತ್ರ ಇರುತ್ತಿತ್ತು.

ಕಾಕಾ ಪಿಸ್ತೂಲನ್ನು ಮೇಜಿನ ಮೇಲಿಟ್ಟರು. "ಇನ್ನು ಬ್ಯಾರೆ ಯಾರಾರ ತಗೋರಿ," ಎಂದರು.

ಯಾರೂ ಮುಟ್ಟಲಿಲ್ಲ. ಐವತ್ತನಾಲ್ಕು ಮೆಟ್ಟಿಲು ನೆನಪಾಗಿ ಎಲ್ಲರೂ ಮೊಣಕಾಲು ಸವರಿಕೊಂಡರು. ಫಕೀರಪ್ಪನಿಗೆ ಸಿಟ್ಟಿಗೇಳುವ ಹಕ್ಕಿತ್ತು. ಅವನು ಎದ್ದು ನಿಂತು, "ನನ್ನ ಮಗಳು ಹುಟ್ಟಿದ್ದಕ್ಕ ಸಕ್ರಿ ಹಂಚಾಕ ಬಂದಿದ್ದೆ. ಮೊದಲ ಯಾರಿಗ ಕೊಡ್ಲಿ ಅಂತ ತಿಳೀವಲ್ತು," ಎಂದು ಹೇಳಿ, ಒಂದು ಚಿಟಿಕೆ ಸಕ್ಕರೆಯನ್ನು ಕಾಕಾನ ಅಂಗೈಗೆ ಹಾಕಿದ. ಕಾಕಾ ಅದನ್ನು ಬಾಯಿಗೆ ಹಾಕಿಕೊಳ್ಳಲಾರದೆ ಮುಷ್ಟಿಯಲ್ಲೇ ಹಿಡಿದು ನಿಂತರು. ಕೊನೆಗೆ ಕಾಶೀಬಾಯಿ ಪಿಸ್ತೂಲನ್ನು ಅವರ ಕಡೆಗೆ ತಳ್ಳಿ, "ಸದ್ಯಕ್ಕ ನೀವ ಇಟ್ಕೊರಿ," ಎಂದರು.

ಮರುದಿನ ಬೆಳಿಗ್ಗೆ ಕಾಕಾ ನನ್ನ ಅಂಗಡಿಗೆ ಬಂದರು. "ಅಂಬವ್ವ, ನನ್ನ ಸ್ಟೋವ್ ಆತೇನು?"

"ಮೊನ್ನೇನ ಒಯ್ದೀರಲ್ಲ ಕಾಕಾ."

"ಹೌದಲ್ಲ," ಎಂದು ನಕ್ಕರು. ಬಾಯ್ಲರಿನ ಕಥೆ ಕೇಳಿ ಇನ್ನಷ್ಟು ನಕ್ಕರು. ಚಹ ತರಿಸಿ ಕುಡಿದೆವು. ಏಳುವಾಗ ಬಾಗಿಲಲ್ಲಿ ತಿರುಗಿ ನಿಂತು, "ಸ್ಟೋವ್ ಯಾವಾಗ ಕೊಡ್ತಿ?" ಎಂದರು.

ನನ್ನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗೆ ಬಿತ್ತು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಮೇಲೆ ಟೋಪಿ ಸರಿಮಾಡಿಕೊಂಡು ಹೊರಟುಹೋದರು.

ಬಹಳ ಹೊತ್ತು ಕೆಲಸಕ್ಕೆ ಕೈ ಏಳಲಿಲ್ಲ. ಬಾಯ್ಲರನ್ನು ಸುಮ್ಮನೆ ನೋಡುತ್ತಾ ಕೂತಿದ್ದೆ. ಅದರ ಮಗ್ಗುಲಿಗೆ ಒಂದು ಗಾಜಿನ ಕೊಳವೆ ಇದೆ. ಒಳಗೆ ನೀರು ಎಲ್ಲಿಯವರೆಗೆ ಇದೆಯೆಂದು ಚಹ ಮಾಡುವವನು ನೆನಪಿಡಬೇಕಿಲ್ಲ, ನೋಡಿದರೆ ಸಾಕು. ಮ್ಯಾಗಜೀನಿಗೆ ಅಂಥದ್ದೇನೂ ಇರಲಿಲ್ಲ. ಬಾಯಿಯ ಕಡೆಯಿಂದ ಇಣುಕಿದರೆ ಮೇಲಿನ ಒಂದು ತೋಟಾ ಮಾತ್ರ ಕಾಣುತ್ತದೆ, ಅದರ ಕೆಳಗೆ ಇನ್ನೊಂದೂ ಇಲ್ಲವೋ ಏಳಿವೆಯೋ ಹೇಳಲು ಬರುವುದಿಲ್ಲ. ಒಂದೊಂದೇ ಹೊರಗೆ ತಳ್ಳಿ ಎಣಿಸೋಣವೆಂದರೆ ಮತ್ತೆ ತುಂಬುವುದರೊಳಗೆ ಮೋಡ ಬಂದು ಕೂತುಬಿಡಬಹುದು. ತಗಡಿಗೆ ತೂತು ಹಾಕಿದರೆ?

ನಾನು ಕಾಶೀಬಾಯಿಯ ಬಳಿ ಹೋದೆ. "ತೂತು? ಸರಕಾರದ ಸಾಮಾನಿಗೆ?" ಎಂದರು. "ಧೂಳು ಹೋಗ್ತೈತಿ, ಮೋಡದ ನೀರು ಹೋಗ್ತೈತಿ, ಮಂದಿ ಬೆರಳು ಹೋಗ್ತಾವ." ಈರವ್ವ ನನ್ನ ಜೊತೆಗೆ ಬಂದಿದ್ದಳು. "ನಿಮ್ಮ ಸೊಸಿಗೂ ಏಳು ತಿಂಗಳಲ್ರೀ?" ಎಂದು ಒಂದೇ ಮಾತು ಕೇಳಿದಳು. ಕಾಶೀಬಾಯಿ ಸೊಂಟದ ಬೀಗದ ಕೈ ಬಿಚ್ಚಿದರು.

ಮೊದಲನೆಯದನ್ನು ನಾನು ಕೆಡಿಸಿದೆ. ಹುರುಪಿನಲ್ಲಿ ಮಗ್ಗುಲಿಗೆ ಸಾಲಾಗಿ ಏಳು ತೂತು ಕೊರೆದು, ಹೊರಗಡೆ ಅರದಿಂದ ಚೆನ್ನಾಗಿ ಉಜ್ಜಿ, ಎಣ್ಣೆ ಒರೆಸಿ, ನಾನೇ ಟಾಕಿ ಹತ್ತಿ ಕಾಕಾನ ಕೈಗೆ ಕೊಟ್ಟೆ. ನನಗೆ ಸದ್ದಿನ ಭಯ, ಆದ್ದರಿಂದ ಬೇಗ ಇಳಿದುಬಿಟ್ಟೆ. ಹನ್ನೊಂದಕ್ಕೆ ಮೋಡ ಕೂತಿತು, ಢಂ ಎಂದಿತು, ಎದ್ದಿತು. ಒಂದು ಗಂಟೆಗೆ ಮತ್ತೆ ಕೂತಿತು. ಟಕ್. ತೋಟಾ ಇದ್ದವು, ಮೇಲೆ ಬರಲಿಲ್ಲ. ಕೊರೆದಾಗ ಒಳಗಡೆ ಎದ್ದ ತಗಡಿನ ಮುಳ್ಳುಗಳಿಗೆ ತೋಟಾಗಳನ್ನು ಮೇಲೆತ್ತುವ ತಟ್ಟೆ ಸಿಕ್ಕಿಕೊಂಡಿತ್ತು. ಹೊರಗೆ ಅಷ್ಟು ನುಣುಪು ಮಾಡಿದವಳು ಒಳಗೆ ಬೆರಳಾಡಿಸಿಯೂ ನೋಡಿರಲಿಲ್ಲ. ಅದನ್ನು ಎಳೆಯಲು ಹೋಗಿ ಡಬ್ಬಿಯ ಬಾಯಂಚು ಬಾಗಿತು, ಮತ್ತೆ ಅದು ಪಿಸ್ತೂಲಿನೊಳಗೆ ಹೋಗಲೇ ಇಲ್ಲ. ಆ ದಿನ ಊರು ಮೂರು ತಾಸು ಮೋಡದಲ್ಲಿತ್ತು. ನನ್ನ ಅಂಗಡಿಯ ಮುಂದೆ ಹಾದುಹೋದವರೆಲ್ಲ ತಮ್ಮ ಹೆಸರಿನ ಬದಲು ನನ್ನ ಹೆಸರು ಕೂಗುತ್ತಾ ಹೋದರು, ಅದೂ ಒಳ್ಳೆಯ ಮಾತಿನ ಜೊತೆಗಲ್ಲ.

"ಮೂರರಾಗ ಒಂದು ಹೋತು," ಎಂದರು ಕಾಶೀಬಾಯಿ. "ಇನ್ನೊಂದು ಹೋದರ ಊರು ಮುಳುಗಿದಂಗ. ಸಾಕು ನಿನ್ನ ತೂತು."

ಆಗ ಕಾಕಾ ನಡುವೆ ಬಂದರು. "ಅಕಿಗೆ ಮಾಡು ಅಂದಾಂವ ನಾನು. ಬೈಯೂದಿದ್ರ ನನಗ ಬೈರಿ."

ಅವರು ಹಾಗೆ ಹೇಳಿರಲೇ ಇಲ್ಲ. ಮರೆತು ಹೇಳಿದರೋ ಬೇಕೆಂದೇ ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಎರಡನೆಯ ಮ್ಯಾಗಜೀನು ನನ್ನ ಕೈಗೆ ಬಂತು.

ಈ ಸಲ ಮೂರು ದಿನ ತೆಗೆದುಕೊಂಡೆ. ಕಾಕಾ ಮೋಡ ಎಬ್ಬಿಸಿ ಇಳಿದು ಬಂದಾಗಲೆಲ್ಲ ನನ್ನೆದುರು ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಮೊದಲು ಒಂದೊಂದೇ ತೋಟಾ ತುಂಬಿ, ಒಂದಿದ್ದಾಗ ಒಳಗೆ ಎಲ್ಲಿರುತ್ತದೆ, ಎರಡಿದ್ದಾಗ ಎಲ್ಲಿ, ಐದಿದ್ದಾಗ ಎಲ್ಲಿ ಎಂದು ತಗಡಿನ ಮೇಲೆ ಗೆರೆ ಹಾಕಿಕೊಂಡೆ. ತೂತನ್ನು ಮಗ್ಗುಲಿನಿಂದ ಬೆನ್ನಿನ ಕಡೆಗೆ ಬದಲಾಯಿಸಿದೆ. ಅಲ್ಲಿ ತೋಟಾದ ಹಿತ್ತಾಳೆಯ ತಳ ಬಂದು ಒರಗುತ್ತದೆ, ಬೆಳಕಿಗೆ ಹೊಳೆಯುತ್ತದೆ. ಸ್ಪ್ರಿಂಗನ್ನೂ ತಟ್ಟೆಯನ್ನೂ ಹೊರಗೆ ತೆಗೆದಿಟ್ಟು ಸಣ್ಣದಾಗಿ ಕೊರೆದೆ. ಆಮೇಲೆ ಇಲಿಬಾಲದಂಥ ಅರವನ್ನು ಒಳಗೆ ಇಳಿಸಿ ಮುಳ್ಳುಗಳನ್ನು ತೆಗೆದೆ. ಕೋಲಿಗೆ ಉಜ್ಜುಕಾಗದ ಸುತ್ತಿ ಒಳಮೈಯನ್ನು ತಿಕ್ಕಿದೆ. ಒಂದು ರೇಷ್ಮೆ ಬಟ್ಟೆಯ ಚೂರನ್ನು ಒಳಗೆ ಎಳೆದು ನೋಡುತ್ತಿದ್ದೆ. ಎಲ್ಲಾದರೂ ಒಂದು ಎಳೆ ಸಿಕ್ಕಿಕೊಂಡರೆ ಮತ್ತೆ ತಿಕ್ಕುವುದು. ಕಡೆಗೆ ಒಂದೊಂದು ತೂತಿನ ಪಕ್ಕಕ್ಕೂ ಅಂಕಿ ಒತ್ತಿದೆ, ಎರಡರಿಂದ ಎಂಟರವರೆಗೆ. ಒಂದಕ್ಕೆ ತೂತು ಬೇಕಿರಲಿಲ್ಲ, ಅದು ಬಾಯಲ್ಲೇ ಕಾಣುತ್ತದೆ.

ಕಾಕಾ ಎಂಟು ತೋಟಾ ತುಂಬಿ ಬಿಸಿಲಿಗೆ ಹಿಡಿದರು. ಏಳು ತೂತುಗಳಲ್ಲಿ ಏಳು ಹಿತ್ತಾಳೆ ಕಣ್ಣು. ಒಂದು ತೆಗೆದರು, ಎಂಟರ ತೂತು ಕತ್ತಲಾಯಿತು. ಇನ್ನೊಂದು ತೆಗೆದರು, ಏಳರದ್ದು. ಮತ್ತೆ ತುಂಬಿದರು, ಮತ್ತೆ ತೆಗೆದರು. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಹತ್ತು ನಿಮಿಷ ಇದೇ ಆಯಿತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ಅಂಬವ್ವ, ಇದು ಊರಿಗೋ ನನಗೋ?"

"ಊರಿಗೆ ಕಾಕಾ. ನಾಳೆ ಯಾರು ಹೊಡದ್ರೂ ಅನುಕೂಲ ಆಗ್ತೈತಿ."

"ನಿಮ್ಮಪ್ಪ ನಿನಗ ಎಲ್ಲಾ ಕೆಲಸ ಕಲಿಸಿದ. ಸುಳ್ಳು ಹೇಳೂದೊಂದು ಕಲಸ್ಲಿಲ್ಲ." ಅವರು ಮ್ಯಾಗಜೀನನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. "ಆ ಮಂಗಳವಾರ ನಾನು ಸೋಮವಾರದ ಲೆಕ್ಕ ಹಿಡಕೊಂಡು ಕೂತಿದ್ದೆ. ಮನ್ಯಾಗ ನನ್ನ ಹೇಣ್ತಿ ಮೆಹಬೂಬಿಗೂ ಗೊತ್ತೈತಿ. ಅಕಿ ದಿನಾ ಬೆಳಿಗ್ಗೆ ನನ್ನ ಕಿಸೇದಾಗ ಇವತ್ತು ಯಾವ ವಾರ ಅಂತ ಚೀಟಿ ಬರದು ಇಡ್ತಾಳ. ನಾನೇ ಹೇಳಬೇಕಂತಿದ್ದೆ. ನಾಚಿಕಿ ಆತು."

ನಾನು ಅರವನ್ನು ಮೇಜಿನ ಮೇಲಿಟ್ಟೆ. "ಸ್ಟೋವ್ ನಾಳೆ ಕೊಡ್ತೀನಿ," ಎಂದುಬಿಟ್ಟೆ. ಕಾಕಾ ಒಂದು ಗಳಿಗೆ ಕಣ್ಣರಳಿಸಿ, ಆಮೇಲೆ ಸ್ಟೂಲಿನಿಂದ ಬೀಳುವ ಹಾಗೆ ನಕ್ಕರು. ಇಬ್ಬರೂ ಕಣ್ಣೀರು ಬರುವವರೆಗೆ ನಕ್ಕೆವು. ಪಕ್ಕದ ಅಂಗಡಿಯವರು ಬಂದು ಇಣುಕಿ ನೋಡಿಹೋದರು.

ಆ ಮ್ಯಾಗಜೀನು ಎಂಟಕ್ಕೆ ಎಂಟೂ ಹೊಡೆಯಿತು, ಎಲ್ಲೂ ಸಿಕ್ಕಲಿಲ್ಲ. ಮೂರನೆಯದಕ್ಕೂ ತೂತು ಹಾಕಿಕೊಟ್ಟೆ. ಕಾಕಾ ಪ್ರತಿ ಸಲ ಹೊಡೆದ ಮೇಲೆ ತೂತು ನೋಡಿ, ಟಾಕಿಯ ನೆತ್ತಿಯ ಕಂಬಿಗೆ ನೇತುಹಾಕಿದ ಕರೀ ಹಲಗೆಯ ಮೇಲೆ ಉಳಿದ ಸಂಖ್ಯೆಯನ್ನು ದೊಡ್ಡದಾಗಿ ಬರೆಯತೊಡಗಿದರು. ಊರಿಗೆಲ್ಲ ಅದು ಕಾಣುತ್ತಿತ್ತು. ಅದರಿಂದ ಬೇರೆಯೇ ಒಂದು ಪೇಚಾಟ ಹುಟ್ಟಿತು. ಮೊದಲು, "ಕಾಕಾ, ಹಪ್ಪಳ ಹಾಕೀವಿ, ಲಗೂನ ಹೊಡೀರಿ" ಎಂದು ಕೂಗುತ್ತಿದ್ದ ಹೆಂಗಸರೇ ಈಗ ಹಲಗೆಯಲ್ಲಿ ಮೂರು ಎಂದು ಕಂಡರೆ, "ಇರಲಿ ಬಿಡ್ರಿ, ಒಳಗ ಕುಂತು ಒತ್ತತೀವಿ" ಎನ್ನತೊಡಗಿದರು. ಎರಡು ಎಂದಾಗ ಇಡೀ ಊರಿಗೆ ಜಿಪುಣತನ ಹಿಡಿಯಿತು. ಒಂದು ಗುರುವಾರ ಮೋಡ ಮಧ್ಯಾಹ್ನದಿಂದ ಸಂಜೆಯವರೆಗೂ ಕೂತಿತ್ತು. ಕಾಕಾ ಹೊಡೆಯಲು ಹೊರಟರೆ ಕೆಳಗಿನಿಂದ, "ಬ್ಯಾಡ್ರಿ, ಎರಡೇ ಅದಾವ!" ಎಂಬ ಬೊಬ್ಬೆ. ಕಪಾಟಿನಲ್ಲಿ ಇನ್ನೊಂದು ಮ್ಯಾಗಜೀನು ತುಂಬಿ ಕೂತಿದೆ ಎಂಬುದನ್ನೇ ಎಲ್ಲರೂ ಮರೆತಿದ್ದರು. ಕೊನೆಗೆ ಕಾಶೀಬಾಯಿಯೇ ಚಾವಡಿಯ ಗೋಡೆಗೆ ಎರಡನೆಯ ಹಲಗೆ ಹಾಕಿಸಿ ಕಪಾಟಿನಲ್ಲಿರುವುದನ್ನೂ ಬರೆಸಿದರು. ಎರಡು ವಾರದಲ್ಲಿ ಜನ ಸಮಾಧಾನಕ್ಕೆ ಬಂದರು. ಕಾಶೀಬಾಯಿಯ ಸೊಸೆ ಹೆರುವ ದಿನ ಹಲಗೆಯ ಮೇಲೆ ಐದಿತ್ತು. ಈರವ್ವ ನಡೆಯುವ ದಾರಿಯಲ್ಲಿ ಮೋಡ ಎರಡು ಸಲ ಕೂತಿತು, ಎರಡು ಸಲ ಎದ್ದಿತು, ಅವಳು ಒಂದು ಹೆಜ್ಜೆಯೂ ತಪ್ಪಿಡಲಿಲ್ಲ.

ಇದಾಗಿ ಒಂದು ತಿಂಗಳಿಗೆ ಕಾಕಾ ಬೆಳಿಗ್ಗೆ ಹತ್ತರ ಸುಮಾರಿಗೆ ಅಂಗಡಿಗೆ ಬಂದರು, ಜೊತೆಗೆ ಮೆಹಬೂಬಿ ಚಾಚಿ. ಪಿಸ್ತೂಲನ್ನು ನನ್ನ ಮೇಜಿನ ಮೇಲಿಟ್ಟರು.

"ತೂತು ಚಂದಾಗಿ ಕಾಣ್ತಾವ ಅಂಬವ್ವ. ಕಂಡದ್ದು ಹಲಗಿ ಮುಟ್ಟೂದರಾಗ ಹೋಗಿಬಿಡ್ತೈತಿ. ನಿನ್ನೆ ನಾಕು ನೋಡಿ, ಏಳು ಬರದೆ. ಮೆಹಬೂಬಿ ಕೆಳಗಿಂದ ಕೂಗಿದಳಂತ ತಿದ್ದಿದೆ. ಇನ್ನು ಸಾಕು. ಕಾಶೀಬಾಯಿಗೂ ಹೇಳಿ ಬಂದೇನಿ. ಇವತ್ತು ನೀ ಹತ್ತು."

"ಕಾಕಾ, ನನಗ ಸದ್ದಂದ್ರ ಭಯ."

"ನನಗೂ ಇತ್ತು. ಮೊದಲ ವರ್ಷ ಪೂರಾ ಕಣ್ಣು ಮುಚ್ಚಿ ಹೊಡದೇನಿ. ಆಕಾಶಕ್ಕ ಕಣ್ಣು ತೆರದು ಹೊಡದ್ರೇನು, ಮುಚ್ಚಿ ಹೊಡದ್ರೇನು? ಎಲ್ಲಿಗೆ ತಪ್ಪತೈತಿ ಅದು?"

ಅವರು ನಗುತ್ತಲೇ ಹೇಳಿದರು, ಆದರೆ ಪಿಸ್ತೂಲಿನ ಮೇಲಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಚಾಚಿ ಅವರ ಕೈಯನ್ನು ಮೆಲ್ಲಗೆ ಎತ್ತಿ ತನ್ನ ಕೈಯಲ್ಲಿಟ್ಟುಕೊಂಡಳು. ನಾನು ಅಂಗಡಿಗೆ ಬೀಗ ಹಾಕಿ ಹೊರಟೆ.

ಐವತ್ತನಾಲ್ಕು ಮೆಟ್ಟಿಲು ಹತ್ತಿ ಉಸಿರು ಬಿಟ್ಟೆನೋ ಇಲ್ಲವೋ, ಮೋಡ ಬಂದು ಕೂತಿತು. ಮೇಲಿನಿಂದ ನೋಡಿದರೆ ಊರೇ ಇಲ್ಲ. ಬೆಳ್ಳಗೆ ಬಡಿದ ಹತ್ತಿಯ ನಡುವೆ ಟಾಕಿ, ನಾನು, ಛತ್ರಿ. ಕೆಳಗಿನಿಂದ ಜನ ತಮ್ಮ ಹೆಸರು ಕೂಗುತ್ತಾ ನಡೆಯುವುದು ಮಾತ್ರ ಕೇಳುತ್ತಿತ್ತು. ಅದರಲ್ಲಿ ಕಾಕಾನ ಧ್ವನಿಯೂ ಇತ್ತು, "ದಸ್ತಗೀರ, ದಸ್ತಗೀರ." ನಾನು ಕೈಯೆತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ಹೊಡೆದೆ.

ಕಿವಿ ಗುಂಯ್ಗುಟ್ಟುವುದು ನಿಂತು ಕಣ್ಣು ಬಿಟ್ಟಾಗ ಮೋಡ ಆಗಲೇ ನನ್ನನ್ನು ದಾಟಿ ಮೇಲೆ ಹೋಗಿತ್ತು. ಕೆಳಗೆ ನಡು ಬೀದಿಯಲ್ಲಿ ಕಾಕಾ ನಿಂತಿದ್ದರು, ಟೋಪಿ ನೆಲಕ್ಕೆ ಬಿದ್ದಿತ್ತು, ಎರಡೂ ಕೈ ಮುಂದೆ ನೀಡಿ ಮೆಹಬೂಬಿ ಚಾಚಿಯನ್ನು ನೋಡುತ್ತಿದ್ದರು. ನಾನು ಗಾಬರಿಯಾಗಿ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಓಡಿದೆ.

"ಏನಾತು ಕಾಕಾ?"

"ಅಂಬವ್ವ, ಇದು ಹಿಂಗ ಏಳ್ತೈತಿ ಅಂತ ಯಾಕ ಯಾರೂ ಹೇಳ್ಲಿಲ್ಲ?" ಅವರು ಚಾಚಿಯ ಕಡೆಗೆ ಬೆರಳು ಮಾಡಿದರು. "ಮೂವತ್ತೊಂದು ವರ್ಷ ನಾನು ಇದರ ಬೆನ್ನು ನೋಡೇನಿ. ಮ್ಯಾಲಿಂದ ನೋಡಿದ್ರ ಬರೇ ಹಾಸಿಗಿ ಸುತ್ತಿದಂಗ. ಕೆಳಗ ನಿಂತ್ರ, ಮೊದಲ ಇಕಿ ಪಾದ ಬಂದವು. ಆಮ್ಯಾಗ ಸೀರಿ ಅಂಚು. ಆಮ್ಯಾಗ ಕೈ, ಬಳಿ. ಕಡೀಕ ಮುಖ ಬಂತು. ಯಾರೋ ಈಗಷ್ಟ ಮಾಡಿ ತಂದು ನನ್ನ ಮುಂದ ನಿಲ್ಲಿಸಿದಂಗಿತ್ತು."

"ಮುದುಕಗ ಹುಚ್ಚು ಹಿಡದೈತಿ," ಎಂದಳು ಚಾಚಿ. ಅವಳ ಮುಖ ಕೆಂಪಾಗಿತ್ತು. ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ಅವಳು ಸೆರಗು ಎಳೆದುಕೊಂಡಳು, ಆದರೆ ಅಲ್ಲಿಂದ ಕದಲಲಿಲ್ಲ.

ಆ ದಿನ ಕಾಕಾ ಮನೆಗೆ ಹೋಗಲು ಒಪ್ಪಲಿಲ್ಲ. ಚಹದಂಗಡಿಯ ಬೆಂಚಿನ ಮೇಲೆ ಚಾಚಿಯ ಪಕ್ಕ ಕೂತು, "ಮತ್ತ ಯಾವಾಗ ಕೂರ್ತೈತಿ?" ಎಂದು ದಾರಿಯಲ್ಲಿ ಹೋಗುವವರನ್ನೆಲ್ಲ ಕೇಳುತ್ತಿದ್ದರು. ನಾಲ್ಕಕ್ಕೆ ಕೂತಿತು. ನಾನು ಟಾಕಿಯ ಮೇಲಿದ್ದೆ. ಈ ಸಲ ಹೊಡೆದಾಗ ಒಂದು ಕಣ್ಣು ಮಾತ್ರ ಮುಚ್ಚಿದೆ. ಮೋಡ ಇನ್ನೂ ಚಹದಂಗಡಿಯ ಸೂರನ್ನು ದಾಟಿರಲಿಲ್ಲ, ಅಷ್ಟರಲ್ಲೇ ಕೆಳಗಿನಿಂದ ಕಾಕಾನ ಕೂಗು ನನಗೆ ಮುಟ್ಟಿತು, ಬೆಳಗಿನದೆಲ್ಲ ಮರೆತವರ ಹಾಗೆ, ಜೀವಮಾನದಲ್ಲಿ ಮೊದಲ ಸಲ ಕಾಣುತ್ತಿರುವವರ ಹಾಗೆ:

"ಅಂಬವ್ವಾ! ಇಲ್ಲಿ ನೋಡ, ಪಾದ ಬಂದವು!"